ಎರಡು ಸಂಸಾರಗಳ ಕರ್ನಲ್

ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೊರಟವರಿಗೆ ತಿಲಕವಾಡಿ ದಾಟಿದ ಮೇಲೆ ಎದುರಾಗುವುದು ಉದ್ಯಮಬಾಗ. ಫೌಂಡ್ರಿಗಳು, ಲೇಥ್ ಯಂತ್ರಗಳ ಸದ್ದು, ಬಿಡಿಭಾಗಗಳನ್ನು ತುಂಬಿಕೊಂಡು ನಿಂತ ಟೆಂಪೋಗಳು. ಇವುಗಳ ನಡುವೆಯೇ 1979ರಲ್ಲಿ ಆರಂಭವಾದ ಗೋಗಟೆ ತಾಂತ್ರಿಕ ಮಹಾವಿದ್ಯಾಲಯ. ಬೆಳಗಿನ ಹೊತ್ತು ಖಾನಾಪುರ ತಾಲ್ಲೂಕಿನ ಹಳ್ಳಿಗಳಿಂದ ಬಂದ ಕಾರ್ಮಿಕರೂ ಕಾಲೇಜಿನ ಹುಡುಗ ಹುಡುಗಿಯರೂ ಒಂದೇ ಬಸ್ಸಿನಿಂದ ಇಳಿಯುತ್ತಾರೆ. ಒಬ್ಬರ ಕೈಯಲ್ಲಿ ಬುತ್ತಿ, ಇನ್ನೊಬ್ಬರ ಬೆನ್ನಿಗೆ ಪುಸ್ತಕದ ಚೀಲ. ಮುಂದೇನಾಗಬೇಕು ಎಂಬ ಪ್ರಶ್ನೆ ಮಾತ್ರ ಎಲ್ಲ ಎಳೆಯರಿಗೂ ಒಂದೇ.

ಈ ಭಾಗದಲ್ಲಿ ಆ ಪ್ರಶ್ನೆಗೆ ಹಿಂದಿನಿಂದಲೂ ಸಿದ್ಧವಾಗಿರುವ ಉತ್ತರಗಳಲ್ಲಿ ಸೈನ್ಯವೂ ಒಂದು. ಉದ್ಯಮಬಾಗದಿಂದ ಸ್ವಲ್ಪ ಹಿಂದಕ್ಕೆ ಬಂದರೆ ಕ್ಯಾಂಪ್ ಪ್ರದೇಶ. ಅಲ್ಲಿ ಮರಾಠಾ ಲಘು ಪದಾತಿದಳದ ರೆಜಿಮೆಂಟಲ್ ಕೇಂದ್ರವಿದೆ. ನಗರದಲ್ಲಿಯೇ 1945ರಲ್ಲಿ ಸ್ಥಾಪನೆಯಾದ ಸೈನಿಕ ಶಾಲೆ ಇದೆ. ಅದು ಇಂದು ರಾಷ್ಟ್ರೀಯ ಮಿಲಿಟರಿ ಶಾಲೆ. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ನೆಲೆ. ಕಿತ್ತೂರಿನಲ್ಲಿ 1969ರಿಂದ ಹೆಣ್ಣುಮಕ್ಕಳಿಗಾಗಿಯೇ ನಡೆದುಬಂದಿರುವ ವಸತಿ ಸೈನಿಕ ಶಾಲೆ. ಖಾನಾಪುರ ತಾಲ್ಲೂಕಿನ ನಂದಗಡವಂತೂ 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನೆಲ. ಸೈನಿಕ ಎಂಬ ಪದ ಇಲ್ಲಿಯ ಮನೆಗಳಿಗೆ ದೂರದ ಮಾತಲ್ಲ. ಗೋಡೆಯ ಮೇಲಿನ ಭಾವಚಿತ್ರ, ಪೆಟ್ಟಿಗೆಯೊಳಗಿನ ಪದಕ, ತಿಂಗಳಿಗೊಮ್ಮೆ ಬರುವ ಪಿಂಚಣಿ, ಹೀಗೆ ಅದು ದಿನನಿತ್ಯದ ಸಂಗತಿ.

ಆದರೂ ಮಗ ಸೈನ್ಯಕ್ಕೆ ಸೇರುತ್ತೇನೆ ಎಂದಾಗ ತಾಯಿಯ ಎದೆ ಒಮ್ಮೆ ಝಲ್ಲೆನ್ನದೆ ಇರದು. ಸೈನಿಕನಾದವನಿಗೆ ಮನೆ ಉಳಿಯುತ್ತದೆಯೇ, ಮನೆಯವರಿಗೆ ಅವನು ಉಳಿಯುತ್ತಾನೆಯೇ? ಭಾಷಣಗಳು ಈ ಪ್ರಶ್ನೆಯನ್ನು ಬದಿಗಿಡುತ್ತವೆ. ಇದಕ್ಕೆ ತಮ್ಮ ಬಾಳಿನಲ್ಲಿಯೇ ಉತ್ತರ ಬರೆದುಹೋದ ಕನ್ನಡಿಗರೊಬ್ಬರನ್ನು ನೆನೆಯುವುದು ಇಲ್ಲಿಯ ಉದ್ದೇಶ. ಅವರು ಕರ್ನಲ್ ವಸಂತ್ ವೇಣುಗೋಪಾಲ್. ಅವರ ಪಲ್ಟನ್, ಬೆಳಗಾವಿಯನ್ನು ತವರೆಂದು ತಿಳಿಯುವ ಮರಾಠಾ ಲಘು ಪದಾತಿದಳದ 9ನೆಯ ಬೆಟಾಲಿಯನ್.

ಬೆಳಗಾವಿಯ ತವರುಮನೆ

ಮರಾಠಾ ದಳದ ಮೊದಲ ಬೆಟಾಲಿಯನ್ ಹುಟ್ಟಿದ್ದು 1768ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸಿಪಾಯಿಗಳ ಪಡೆಯಾಗಿ. ಬೇರೆಬೇರೆ ಪಲ್ಟನ್‌ಗಳನ್ನು ಒಟ್ಟುಗೂಡಿಸಿ 1922ರಲ್ಲಿ ಸೈನ್ಯದ ಮರುರಚನೆ ನಡೆದಾಗ ಅವುಗಳ ತರಬೇತಿಗೆ ನೆಲೆಯಾದದ್ದು ಬೆಳಗಾವಿ. ಅಂದಿನಿಂದ ಈ ದಳಕ್ಕೆ ಸೇರುವ ಹುಡುಗರು ಬಂದಿಳಿಯುವುದು ಇಲ್ಲಿಯೇ. ಕೂದಲು ಕತ್ತರಿಸಿಕೊಂಡು, ಬೂಟು ತೊಟ್ಟು, ಮೊದಲ ಕವಾಯತು ಕಲಿಯುವುದೂ ಇಲ್ಲಿಯೇ. ತರಬೇತಿ ಮುಗಿದ ದಿನ ಪ್ರಮಾಣವಚನ ಸ್ವೀಕರಿಸಿ ದೇಶದ ನಾನಾ ಮೂಲೆಗಳಲ್ಲಿರುವ ಬೆಟಾಲಿಯನ್‌ಗಳಿಗೆ ಹಂಚಿಹೋಗುತ್ತಾರೆ.

ಪದಾತಿದಳದ ಬದುಕಿನಲ್ಲಿ ರೆಜಿಮೆಂಟ್ ಎಂಬುದು ಬರೀ ಆಡಳಿತದ ಹೆಸರಲ್ಲ. ಜವಾನ ಸಾಮಾನ್ಯವಾಗಿ ತನ್ನ ಸೇವೆಯ ಬಹುಭಾಗವನ್ನು ಒಂದೇ ಬೆಟಾಲಿಯನ್ನಿನಲ್ಲಿ ಕಳೆಯುತ್ತಾನೆ. ಸುಮಾರು ಎಂಟುನೂರು ಮಂದಿಯ ಈ ಗುಂಪಿನಲ್ಲಿ ಯಾರ ತಂಗಿಗೆ ಮದುವೆ ಗೊತ್ತಾಗಿದೆ, ಯಾರ ಹೊಲದ ವ್ಯಾಜ್ಯ ಕೋರ್ಟಿನಲ್ಲಿದೆ, ಯಾರ ಮಗುವಿಗೆ ಕಾಯಿಲೆ ಎಂಬುದೆಲ್ಲ ಎಲ್ಲರಿಗೂ ಗೊತ್ತು. ಇವರ ಕಷ್ಟಸುಖ ಕೊನೆಗೆ ಬಂದು ನಿಲ್ಲುವುದು ಕಮಾಂಡಿಂಗ್ ಅಧಿಕಾರಿಯ ಮೇಜಿನ ಮೇಲೆ. ರಜೆ ಕೊಡುವವನೂ ಅವನೇ, ಶಿಕ್ಷೆ ವಿಧಿಸುವವನೂ ಅವನೇ. ಊರಿನ ಜಿಲ್ಲಾಧಿಕಾರಿಗೆ ಜವಾನನ ಪರವಾಗಿ ಪತ್ರ ಬರೆಯುವವನೂ ಅವನೇ. ದೊಡ್ಡ ಅವಿಭಕ್ತ ಕುಟುಂಬದ ಯಜಮಾನನ ಕೆಲಸವದು. ಒಳ್ಳೆಯ ಕಮಾಂಡಿಂಗ್ ಅಧಿಕಾರಿಗೆ ಹೀಗಾಗಿ ಎರಡು ಸಂಸಾರ.

ಹದಿನೆಂಟು ವರ್ಷಗಳ ದಾರಿ

ವಸಂತ್ ಹುಟ್ಟಿದ್ದು 1967ರ ಮಾರ್ಚ್ 25ರಂದು. ತಂದೆ ಎನ್.ಕೆ. ವೇಣುಗೋಪಾಲ್, ತಾಯಿ ಪ್ರಫುಲ್ಲಾ. ಕನ್ನಡನಾಡಿನ ಮಧ್ಯಮವರ್ಗದ ಮನೆ. ಪದವಿ ಮುಗಿಸಿ 1988ರಲ್ಲಿ ಡೆಹ್ರಾಡೂನಿನ ಭಾರತೀಯ ಮಿಲಿಟರಿ ಅಕಾಡೆಮಿಯನ್ನು ಸೇರಿದ ಅವರು, 1989ರ ಜೂನ್ 10ರಂದು ಮರಾಠಾ ಲಘು ಪದಾತಿದಳದ 9ನೆಯ ಬೆಟಾಲಿಯನ್ನಿಗೆ ಅಧಿಕಾರಿಯಾಗಿ ನೇಮಕಗೊಂಡರು. ಆಗ ಅವರ ವಯಸ್ಸು 22.

ಅಲ್ಲಿಂದ ಹದಿನೆಂಟು ವರ್ಷಗಳ ಸೇವೆ. ಪಠಾಣಕೋಟ, ಸಿಕ್ಕಿಂ, ಗಾಂಧಿನಗರ, ರಾಂಚಿ, ಬೆಂಗಳೂರು, ಮತ್ತೆ ಮತ್ತೆ ಜಮ್ಮು ಮತ್ತು ಕಾಶ್ಮೀರ. ಈ ಊರುಗಳ ಪಟ್ಟಿಯನ್ನು ಓದುವಾಗ ಭೂಪಟದ ಮೇಲೆ ಬೆರಳಾಡಿಸಿದಂತೆ ಹಗುರವೆನಿಸಬಹುದು. ಸಂಸಾರಸ್ಥನಿಗೆ ಅದು ಹಗುರವಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಟ್ರಂಕುಗಳನ್ನು ಕಟ್ಟಬೇಕು. ಮಕ್ಕಳಿಗೆ ಹೊಸ ಶಾಲೆ, ಹೊಸ ಗೆಳೆಯರು, ಕೆಲವೊಮ್ಮೆ ಹೊಸ ಭಾಷೆ. ಶಾಂತಿ ನೆಲೆಗಳಲ್ಲಿ ಮಾತ್ರ ಹೆಂಡತಿ ಮಕ್ಕಳು ಜೊತೆಗಿರಬಹುದು. ಗಡಿಯ ಮುಂಚೂಣಿ ನೆಲೆಗೆ ವರ್ಗವಾದರೆ ಕುಟುಂಬವನ್ನು ಕರೆದೊಯ್ಯುವಂತಿಲ್ಲ. ಆಗ ಮನೆಯೊಂದು ಕಡೆ, ಮನೆಯ ಯಜಮಾನ ಇನ್ನೊಂದು ಕಡೆ.

ಸೈನ್ಯದಲ್ಲಿ ವರ್ಷಕ್ಕೆ 60 ದಿನಗಳ ವಾರ್ಷಿಕ ರಜೆ. ಅದಲ್ಲದೆ ಅಧಿಕಾರಿಗಳಿಗೆ 20 ದಿನ, ಜವಾನರಿಗೆ 30 ದಿನ ಸಾಂದರ್ಭಿಕ ರಜೆ. ಪ್ರಯಾಣಕ್ಕೆ ಹೋಗುವ ದಿನಗಳು, ಕಾರ್ಯಾಚರಣೆಯ ಕಾರಣಕ್ಕೆ ಮುಂದೂಡಲ್ಪಡುವ ದಿನಗಳು ಬೇರೆ. ಉಳಿದ ಒಂಬತ್ತು ಹತ್ತು ತಿಂಗಳು ಮಗುವಿನ ಹುಟ್ಟುಹಬ್ಬ, ಶಾಲೆಯ ವಾರ್ಷಿಕೋತ್ಸವ, ಮನೆಯ ಗೌರಿಗಣೇಶ ಎಲ್ಲವೂ ತಂದೆಯಿಲ್ಲದೆ ನಡೆಯಬೇಕು. ಸೈನಿಕನ ತ್ಯಾಗವೆಂದರೆ ಗುಂಡಿಗೆ ಎದೆಯೊಡ್ಡುವುದು ಎಂದು ಭಾವಿಸುವುದು ರೂಢಿ. ಹದಿನೆಂಟು ವರ್ಷ ಹೀಗೆ ಕಂತುಕಂತಾಗಿ ಕೊಟ್ಟ ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಕಡಿಮೆ.

56 ಎಪಿಓ ಎಂಬ ವಿಳಾಸ

ಬೆಳಗಾವಿ ಸೀಮೆಯ ಎಷ್ಟೋ ಮನೆಗಳ ಹಳೆಯ ಪತ್ರಗಳಲ್ಲಿ ಒಂದು ವಿಳಾಸ ಮತ್ತೆ ಮತ್ತೆ ಕಾಣುತ್ತದೆ: ಕೇರ್ ಆಫ್ 56 ಎಪಿಓ. ಈಶಾನ್ಯದ ಕಡೆಯಾದರೆ 99 ಎಪಿಓ. ಸೈನಿಕ ಎಲ್ಲಿದ್ದಾನೆ ಎಂಬುದು ಗುಟ್ಟಾಗಿ ಉಳಿಯಬೇಕಾದ್ದರಿಂದ ಊರಿನ ಹೆಸರಿಲ್ಲ. ಸಂಖ್ಯೆ, ಹುದ್ದೆ, ಹೆಸರು, ಪಲ್ಟನ್ ಬರೆದು ಈ ವಿಳಾಸ ಹಾಕಿದರೆ ಸೇನಾ ಅಂಚೆ ವಿಭಾಗದವರು ಮರುಭೂಮಿಯಾಗಲಿ ಹಿಮಶಿಖರವಾಗಲಿ ಪತ್ರವನ್ನು ಹುಡುಕಿಕೊಂಡು ಹೋಗಿ ತಲುಪಿಸುತ್ತಾರೆ. ಜಮ್ಮು ಮತ್ತು ಕಾಶ್ಮೀರಕ್ಕೆ ಮೊಬೈಲ್ ಸೇವೆ ಬಂದದ್ದೇ 2003ರಲ್ಲಿ. ಅದಕ್ಕೂ ಮೊದಲು ಗಡಿಯಲ್ಲಿದ್ದ ಗಂಡನಿಗೂ ಊರಿನಲ್ಲಿದ್ದ ಹೆಂಡತಿಗೂ ನಡುವೆ ನಡೆದ ಸಂಸಾರ ಬಹುಮಟ್ಟಿಗೆ ಕಾಗದದ ಮೇಲಿನ ಸಂಸಾರವೇ.

ವಸಂತ್ ಮತ್ತು ಸುಭಾಷಿಣಿಯವರ ದಾಂಪತ್ಯದಲ್ಲಿಯೂ ಪತ್ರಗಳಿಗೆ ದೊಡ್ಡ ಸ್ಥಾನ. ಸುಭಾಷಿಣಿ ಭರತನಾಟ್ಯ ಕಲಾವಿದೆ. ಇಬ್ಬರು ಹೆಣ್ಣುಮಕ್ಕಳ ತಾಯಿ. ಪತಿ ದೂರದಲ್ಲಿದ್ದಾಗ ಅವರಿಬ್ಬರೂ ಬರೆದುಕೊಂಡ ಪತ್ರಗಳನ್ನೇ ಆಧರಿಸಿ ಮುಂದೆ 'ದ ಸೈಲೆಂಟ್ ಫ್ರಂಟ್' ಎಂಬ ರಂಗಪ್ರಯೋಗ ರೂಪುಗೊಂಡಿತು. ಮೌನದ ರಣಾಂಗಣ ಎಂಬುದು ಅದರ ಅರ್ಥ. ಗಡಿಯಲ್ಲಿ ಗಂಡ ಕಾಯುವಂತೆ ಮನೆಯಲ್ಲಿ ಹೆಂಡತಿಯೂ ಕಾಯುತ್ತಾಳೆ. ಅವಳ ಕಾವಲಿಗೆ ಸಮವಸ್ತ್ರವಿಲ್ಲ, ಬಿರುದಿಲ್ಲ ಎಂಬುದನ್ನು ಆ ಹೆಸರೇ ಹೇಳುತ್ತದೆ.

ಇದರಲ್ಲಿ ಇಂದಿನ ತಂದೆಗಳಿಗೂ ಒಂದು ಪಾಠವಿದೆ. ಒಂದೇ ಸೂರಿನಡಿ ಇದ್ದೂ ಮಕ್ಕಳೊಡನೆ ದಿನಕ್ಕೆ ನಾಲ್ಕು ಮಾತು ಆಡದ ತಂದೆಯರಿದ್ದಾರೆ. ಸಾವಿರಾರು ಕಿಲೋಮೀಟರ್ ದೂರದಲ್ಲಿದ್ದುಕೊಂಡು ಕಾಗದದ ಮೂಲಕ ಮನೆಯೊಳಗೆ ಇದ್ದವರೂ ಇದ್ದಾರೆ. ಹತ್ತಿರವಿರುವುದು ದೂರದ ಲೆಕ್ಕವಷ್ಟೇ ಅಲ್ಲವೆಂಬುದು ಸೈನಿಕರ ಮನೆಗಳಿಗೆ ಬಲ್ಲ ಸಂಗತಿ.

ಕನ್ನಡದ ಮನೆ, ಮರಾಠಿ ಪಲ್ಟನ್

ಬೆಳಗಾವಿಯವರ ಮನಸ್ಸಿಗೆ ವಿಶೇಷವಾಗಿ ತಟ್ಟಬೇಕಾದ ಇನ್ನೊಂದು ಸಂಗತಿ ಇದೆ. ಈ ನಗರದಲ್ಲಿ ಭಾಷೆಯ ಮಾತು ಬಂದರೆ ದನಿ ಏರುವುದು ಹೊಸದಲ್ಲ. ಅಂಗಡಿಯ ಫಲಕದಿಂದ ಹಿಡಿದು ನ್ಯಾಯಾಲಯದ ಕಡತದವರೆಗೆ ಅದು ಹರಡಿದೆ. ಆದರೆ ಕ್ಯಾಂಪಿನ ಕವಾಯತು ಮೈದಾನದಲ್ಲಿ ಬೇರೊಂದು ಲೋಕ. ಮರಾಠಾ ದಳದ ಜವಾನರಲ್ಲಿ ಬಹುಪಾಲು ಮರಾಠಿ ಮಾತನಾಡುವವರು. ಕರ್ನಾಟಕದ ಗಡಿ ಜಿಲ್ಲೆಗಳ ಹುಡುಗರೂ ಅವರೊಡನೆ ಸೇರಿರುತ್ತಾರೆ. ಅಧಿಕಾರಿಗಳಾದರೋ ದೇಶದ ಯಾವ ಮೂಲೆಯವರಾದರೂ ಆಗಬಹುದು. ತಮಿಳನಾಗಲಿ, ಪಂಜಾಬಿಯಾಗಲಿ, ಕನ್ನಡಿಗನಾಗಲಿ, ಪಲ್ಟನ್ ಸೇರಿದ ಮೇಲೆ ತನ್ನ ಜವಾನರ ಮಾತು, ಅವರ ಹಬ್ಬ, ಅವರ ಜಯಘೋಷ ಎಲ್ಲವನ್ನೂ ತನ್ನದಾಗಿಸಿಕೊಳ್ಳುವುದು ಸೈನ್ಯದ ಸಂಪ್ರದಾಯ. ಶಿವಾಜಿ ಮಹಾರಾಜರ ಹೆಸರಿನ ಜಯಘೋಷವನ್ನು ಕೂಗಿ ಮುನ್ನುಗ್ಗುವ ಪಡೆಯೊಂದನ್ನು ಕನ್ನಡದ ಮನೆಯೊಂದರ ಮಗ ಮುನ್ನಡೆಸಿದ್ದು ಅಲ್ಲಿ ಯಾರಿಗೂ ವಿಚಿತ್ರವೆನಿಸಲಿಲ್ಲ.

2006ರ ಅಕ್ಟೋಬರಿನಲ್ಲಿ ವಸಂತ್ ತಮ್ಮದೇ ಬೆಟಾಲಿಯನ್ನಿನ ಕಮಾಂಡಿಂಗ್ ಅಧಿಕಾರಿಯಾದರು. ತಾನು ಸೆಕೆಂಡ್ ಲೆಫ್ಟಿನೆಂಟ್ ಆಗಿ ಕಾಲಿಟ್ಟ ಪಲ್ಟನ್ನಿಗೆ ತಾನೇ ಯಜಮಾನನಾಗುವುದು ಪದಾತಿದಳದ ಅಧಿಕಾರಿಯ ಬಾಳಿನ ದೊಡ್ಡ ಕನಸು. ಆಗ ಬೆಟಾಲಿಯನ್ ಇದ್ದದ್ದು ಕಾಶ್ಮೀರದ ಬಾರಾಮುಲ್ಲಾ ಜಿಲ್ಲೆಯ ಉರಿಯಲ್ಲಿ. ಝೇಲಂ ನದಿಯ ಕಣಿವೆ, ಎತ್ತರದ ಬೆಟ್ಟಗಳು, ದಟ್ಟ ಕಾಡು, ಅನತಿ ದೂರದಲ್ಲಿ ನಿಯಂತ್ರಣ ರೇಖೆ. ಚಳಿಗಾಲದಲ್ಲಿ ಹಿಮ ಮುಚ್ಚುವ ಕಣಿವೆದಾರಿಗಳು ಬೇಸಿಗೆಯಲ್ಲಿ ತೆರೆದಾಗ ನುಸುಳುಕೋರರು ಒಳಬರಲು ಹವಣಿಸುತ್ತಾರೆ. ಅವರನ್ನು ತಡೆಯುವುದು ಅಲ್ಲಿಯ ಪಲ್ಟನ್‌ಗಳ ಹಗಲಿರುಳಿನ ಕೆಲಸ.

ಜುಲೈ 31, 2007

ಬೆಟಾಲಿಯನ್ನಿನ ಯಜಮಾನ ಪ್ರತಿಯೊಂದು ಕಾರ್ಯಾಚರಣೆಯಲ್ಲಿಯೂ ತಾನೇ ಮುಂದೆ ನಿಲ್ಲಬೇಕೆಂಬ ನಿಯಮವೇನೂ ಇಲ್ಲ. ನೆಲೆಯಲ್ಲಿದ್ದುಕೊಂಡೇ ವೈರ್‌ಲೆಸ್ ಮೂಲಕ ಆದೇಶ ನೀಡಬಹುದು. ಅಪಾಯವಿರುವ ಕಡೆಗೆ ನೀನೇ ಏಕೆ ಹೋಗಬೇಕು ಎಂದು ತಾಯಿ ಕೇಳಿದ್ದುಂಟು. ತನ್ನ ಹುಡುಗರು ಹೋಗುವ ಕಡೆಗೆ ತಾನೂ ಹೋಗುವುದಾಗಿ ಮಗ ಉತ್ತರಿಸಿದ್ದರು. ತಾಯಿ ನೆನಪಿಟ್ಟುಕೊಂಡು ಮುಂದೆ ಲೋಕಕ್ಕೆ ತಿಳಿಸಿದ ಆ ಉತ್ತರ ಇಂದಿಗೂ ಅವರ ಹೆಸರಿನೊಡನೆ ಸೇರಿಕೊಂಡಿದೆ. ಅದರಲ್ಲಿ ವೀರಾವೇಶವಿಲ್ಲ. ಮಕ್ಕಳನ್ನು ಕತ್ತಲೆಯ ದಾರಿಯಲ್ಲಿ ಒಬ್ಬರನ್ನೇ ಕಳಿಸದ ಮನೆಯ ಹಿರಿಯನ ಮಾತಿನಂತಿದೆ ಅದು.

2007ರ ಜುಲೈ ಕೊನೆಯಲ್ಲಿ ಉರಿ ಭಾಗದ ಕಾಡಿನಲ್ಲಿ ಶಸ್ತ್ರಸಜ್ಜಿತ ನುಸುಳುಕೋರರ ಗುಂಪೊಂದು ಇರುವುದು ತಿಳಿದಾಗ ಕರ್ನಲ್ ವಸಂತ್ ತಮ್ಮ ಪಡೆಯೊಡನೆ ತಾವೇ ಹೊರಟರು. ಅವರು ತಪ್ಪಿಸಿಕೊಂಡು ಹೋಗುವ ದಾರಿಗಳನ್ನು ಕಟ್ಟಿಹಾಕಲಾಯಿತು. ಗುಂಡಿನ ಕಾಳಗ ನಡೆಯಿತು. ಗಾಯಗೊಂಡ ಮೇಲೂ ವಸಂತ್ ಹಿಂದೆ ಸರಿಯದೆ ಪಡೆಯನ್ನು ಮುನ್ನಡೆಸಿದರು. ಜುಲೈ 31ರಂದು ಅವರು ವೀರಮರಣ ಹೊಂದಿದರು. ಅದೇ ಕಾರ್ಯಾಚರಣೆಯಲ್ಲಿ ಅವರ ಪಲ್ಟನ್ನಿನ ಲ್ಯಾನ್ಸ್ ನಾಯಕ್ ಶಶಿಕಾಂತ ಗಣಪತ ಬಚ್ಛಾವ ಅವರೂ ಮಡಿದರು. ಒಬ್ಬರು ಕನ್ನಡಿಗ ಕರ್ನಲ್, ಇನ್ನೊಬ್ಬರು ಮರಾಠಿ ಜವಾನ. ಒಂದೇ ಕಾಡು, ಒಂದೇ ದಿನ.

ಆಗ ವಸಂತ್ ಅವರ ವಯಸ್ಸು 40. ಅವರ ಜೀವನವನ್ನು ಕುರಿತ ಇಂಗ್ಲಿಷ್ ಪುಸ್ತಕಕ್ಕೆ 'ಫಾರೆವರ್ ಫಾರ್ಟಿ' ಎಂಬ ಹೆಸರು ಬಂದದ್ದು ಇದರಿಂದಲೇ. ಬೆಂಗಳೂರಿನಲ್ಲಿ ಸಕಲ ಸೇನಾ ಗೌರವಗಳೊಂದಿಗೆ ಅಂತ್ಯಕ್ರಿಯೆ ನಡೆಯಿತು. ಯುದ್ಧವಿಲ್ಲದ ಕಾಲದಲ್ಲಿ ತೋರುವ ಶೌರ್ಯಕ್ಕೆ ದೇಶ ನೀಡುವ ಅತ್ಯುನ್ನತ ಪದಕ ಅಶೋಕ ಚಕ್ರ. ಅದು ಅವರಿಗೆ ಮರಣೋತ್ತರವಾಗಿ ಸಂದಿತು. 2008ರ ಗಣರಾಜ್ಯೋತ್ಸವದಂದು ದೆಹಲಿಯ ರಾಜಪಥದಲ್ಲಿ ಅಂದಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಅವರ ಕೈಯಿಂದ ಪದಕವನ್ನು ಸ್ವೀಕರಿಸಿದವರು ಸುಭಾಷಿಣಿ. ಅಶೋಕ ಚಕ್ರ ಪಡೆದ ಕರ್ನಾಟಕದವರಲ್ಲಿ ವಸಂತ್ ಮೊದಲಿಗರೆಂದು ಗುರುತಿಸಲಾಗುತ್ತದೆ.

ಪದಕದ ನಂತರದ ದಿನಗಳು

ಪದಕಪ್ರದಾನದೊಡನೆ ಸಾಮಾನ್ಯವಾಗಿ ಪತ್ರಿಕೆಗಳ ಕಥೆ ಮುಗಿಯುತ್ತದೆ. ಮನೆಯ ಕಥೆ ಮುಗಿಯುವುದಿಲ್ಲ. ಮರುದಿನ ಬೆಳಗಾಗುತ್ತದೆ, ಮಕ್ಕಳನ್ನು ಶಾಲೆಗೆ ಕಳಿಸಬೇಕು, ಬ್ಯಾಂಕಿನ ಕಾಗದಪತ್ರಗಳಲ್ಲಿ ಹೆಸರು ಬದಲಾಗಬೇಕು, ಪಿಂಚಣಿಯ ಅರ್ಜಿಗಳಿಗೆ ಸಹಿ ಹಾಕಬೇಕು. ಇಂಗ್ಲಿಷ್ ಬಲ್ಲ, ನಗರದಲ್ಲಿ ಬೆಳೆದ ಅಧಿಕಾರಿಯ ಪತ್ನಿಗೇ ಇದು ಕಷ್ಟ. ಹಳ್ಳಿಯಲ್ಲಿ ಅತ್ತೆಮಾವಂದಿರ ಮನೆಯಲ್ಲಿರುವ, ಇಪ್ಪತ್ತೈದು ದಾಟದ ಜವಾನನ ಹೆಂಡತಿಯ ಪಾಡೇನು?

ಈ ಪ್ರಶ್ನೆಯೇ ಸುಭಾಷಿಣಿಯವರನ್ನು ಮುಂದಿನ ಕೆಲಸಕ್ಕೆ ಹಚ್ಚಿತು. ಅವರು ಬೆಂಗಳೂರಿನಲ್ಲಿ 'ವಸಂತರತ್ನ ಫೌಂಡೇಶನ್ ಫಾರ್ ಆರ್ಟ್ಸ್' ಸಂಸ್ಥೆಯನ್ನು ಸ್ಥಾಪಿಸಿದರು. ಮಡಿದ ಯೋಧರ ಪತ್ನಿಯರನ್ನು ಮತ್ತು ಮಕ್ಕಳನ್ನು ಒಂದೆಡೆ ಸೇರಿಸುವುದು, ಅವರಿಗೆ ಧೈರ್ಯ ತುಂಬುವುದು, ಮಕ್ಕಳ ಓದಿಗೆ ನೆರವಾಗುವುದು, ಹೆಂಗಸರು ತಮ್ಮ ಕಾಲ ಮೇಲೆ ನಿಲ್ಲುವಂತೆ ಮಾಡುವುದು ಅದರ ಕೆಲಸ. ಈ ಸೇವೆಗಾಗಿ ಅವರಿಗೆ ನೀರಜಾ ಭಾನೋಟ್ ಪ್ರಶಸ್ತಿ ದೊರೆಯಿತು. ಗಂಡ ಪಲ್ಟನ್ನಿನ ಸಂಸಾರವನ್ನು ನೋಡಿಕೊಂಡರೆ, ಅವರ ನಂತರ ಹೆಂಡತಿ ಆ ಸಂಸಾರದ ಅಂಗಳವನ್ನು ಇನ್ನಷ್ಟು ವಿಸ್ತರಿಸಿದರು.

ತಂದೆಯನ್ನು ಕಳೆದುಕೊಂಡಾಗ ಹಿರಿಯ ಮಗಳಿಗೆ ಹತ್ತು ವರ್ಷ. ಅವಳೇ ಇಂದು ಕನ್ನಡಿಗರೆಲ್ಲ ಬಲ್ಲ ನಟಿ ರುಕ್ಮಿಣಿ ವಸಂತ್. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್‌ನಲ್ಲಿ ಅಭಿನಯ ಕಲಿತು, 2019ರಲ್ಲಿ ಕನ್ನಡ ಚಿತ್ರರಂಗಕ್ಕೆ ಬಂದರು. 2023ರ 'ಸಪ್ತ ಸಾಗರದಾಚೆ ಎಲ್ಲೋ' ಚಿತ್ರದಿಂದ ಮನೆಮಾತಾದರು. ತಂದೆಯ ಹೆಸರೇ ಅವರ ಹೆಸರಿನ ಎರಡನೆಯ ಭಾಗ. ತೆರೆಯ ಮೇಲೆ ಆ ಹೆಸರು ಮೂಡಿದಾಗಲೆಲ್ಲ ಉರಿಯ ಕಾಡಿನಲ್ಲಿ ಮಲಗಿದ ಕರ್ನಲ್ ಕೂಡ, ತಿಳಿದವರ ಮನಸ್ಸಿನಲ್ಲಿ, ಒಂದು ಕ್ಷಣ ಎದ್ದು ನಿಲ್ಲುತ್ತಾರೆ.

ಮಕ್ಕಳೂ ಹೆತ್ತವರೂ ಕೂಡಿ ಯೋಚಿಸಲಿ

ಬೆಳಗಾವಿ, ಖಾನಾಪುರಗಳ ವಿದ್ಯಾರ್ಥಿಗಳಿಗೆ ಸೈನ್ಯದ ಬಾಗಿಲುಗಳು ಹಲವು. ಪಿಯುಸಿ ಓದುತ್ತಿರುವವರು ಅಥವಾ ಮುಗಿಸಿದವರು ಕೇಂದ್ರ ಲೋಕಸೇವಾ ಆಯೋಗ ನಡೆಸುವ ಎನ್‌ಡಿಎ ಪರೀಕ್ಷೆ ಬರೆಯಬಹುದು. ಗೆದ್ದವರಿಗೆ ಖಡಕವಾಸ್ಲಾದಲ್ಲಿ ಮೂರು ವರ್ಷಗಳ ಓದು ಮತ್ತು ತರಬೇತಿ. 2022ರಿಂದ ಅಲ್ಲಿ ಹೆಣ್ಣುಮಕ್ಕಳಿಗೂ ಪ್ರವೇಶವಿದೆ. ಪದವೀಧರರಿಗೆ ಸಿಡಿಎಸ್ ಪರೀಕ್ಷೆ. ಎಂಜಿನಿಯರಿಂಗ್ ಓದಿದವರಿಗೆ ಮತ್ತು ಎನ್‌ಸಿಸಿಯ 'ಸಿ' ಪ್ರಮಾಣಪತ್ರ ಪಡೆದವರಿಗೆ ಬೇರೆ ಪ್ರವೇಶಗಳೂ ಇವೆ. ಎಲ್ಲರೂ ಆಯ್ಕೆ ಮಂಡಳಿಯ ಐದು ದಿನಗಳ ಪರೀಕ್ಷೆಯನ್ನು ದಾಟಲೇಬೇಕು. ಅಲ್ಲಿ ಮೈಕಟ್ಟಿಗಿಂತ ಹೆಚ್ಚಾಗಿ ನೋಡುವುದು ನಾಲ್ವರೊಡನೆ ಕೂಡಿ ಕೆಲಸ ಮಾಡುವ, ಅವರ ಹೊಣೆ ಹೊರುವ ಗುಣವನ್ನು.

ಜವಾನರ ನೇಮಕಾತಿಯ ಬಗೆ ಬದಲಾಗಿದೆ. 2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಂತೆ ಅಗ್ನಿವೀರರ ಸೇವೆ ನಾಲ್ಕು ವರ್ಷ. ಆ ಬಳಿಕ ಪ್ರತಿ ತಂಡದಲ್ಲಿ ಶೇಕಡಾ 25ರವರೆಗೆ ಮಾತ್ರ ಕಾಯಂ ಸೇವೆಗೆ ಅವಕಾಶ ಎಂಬುದು ಯೋಜನೆಯ ನಿಯಮ. ಉಳಿದವರು ಸೇವಾನಿಧಿಯ ಮೊತ್ತದೊಡನೆ ಹೊರಬಂದು ಬೇರೆ ಉದ್ಯೋಗ ಹುಡುಕಬೇಕು. ಹದಿನೈದು ಇಪ್ಪತ್ತು ವರ್ಷ ಒಂದೇ ಪಲ್ಟನ್ನಿನಲ್ಲಿ ಬಾಳಿ ಪಿಂಚಣಿಯೊಡನೆ ಊರಿಗೆ ಮರಳಿದ ಅಜ್ಜನ ಕಾಲದ ಲೆಕ್ಕ ಮೊಮ್ಮಗನಿಗೆ ಹೊಂದುವುದಿಲ್ಲ. ಹಾಗಾಗಿ ಅರ್ಜಿ ಹಾಕುವ ಮೊದಲು ನಾಲ್ಕು ವರ್ಷದ ನಂತರವೇನು ಎಂಬುದನ್ನು ಮನೆಯವರೆಲ್ಲ ಕುಳಿತು ಮಾತನಾಡುವುದು ಒಳ್ಳೆಯದು. ಐಟಿಐ ಆಗಲಿ ಡಿಪ್ಲೊಮಾ ಆಗಲಿ, ಕೈಯಲ್ಲೊಂದು ಕಸುಬಿದ್ದರೆ ಉದ್ಯಮಬಾಗದಂಥ ಕಡೆ ಮತ್ತೆ ಕಾಲೂರಲು ದಾರಿಯಿರುತ್ತದೆ.

ಇಷ್ಟೆಲ್ಲ ಯೋಚಿಸಿದ ಮೇಲೂ ಮಗ ಅಥವಾ ಮಗಳು ಅದೇ ದಾರಿ ಹಿಡಿಯುತ್ತೇನೆಂದರೆ ಹೆತ್ತವರು ಏನು ಹೇಳಬೇಕು? ಭಯವಿಲ್ಲವೆಂದು ನಟಿಸಬೇಕಾಗಿಲ್ಲ. ಪ್ರಫುಲ್ಲಾ ಅವರೂ ಭಯಪಟ್ಟೇ ಮಗನನ್ನು ಪ್ರಶ್ನಿಸಿದ್ದರು. ಮಗ ಆ ಭಯವನ್ನು ತಳ್ಳಿಹಾಕದೆ, ತನ್ನ ಕೆಲಸ ಎಂಥದೆಂದು ತಿಳಿಸಿಹೇಳಿದ್ದರು. ತಾಯಿ ಮಗನ ನಡುವೆ ಅಷ್ಟು ನೇರವಾದ ಮಾತುಕತೆ ಸಾಧ್ಯವಿದ್ದ ಮನೆಯದು. ಯಾವ ವೃತ್ತಿಯನ್ನು ಹಿಡಿದರೂ ಮಕ್ಕಳಿಗೆ ಅಂಥ ಮನೆಯೊಂದು ಬೇಕು.

ಕರ್ನಲ್ ವಸಂತ್ ಅವರನ್ನು ನೆನೆಯುವಾಗ ಕೊನೆಯ ಒಂದು ದಿನದ ಕಾಳಗವೇ ಮುಂದೆ ಬಂದು ನಿಲ್ಲುವುದು ಸಹಜ. ಆದರೆ ಆ ದಿನಕ್ಕೆ ಹಿಂದೆ ಹದಿನೆಂಟು ವರ್ಷಗಳಿದ್ದವು. ಬರೆದ ಪತ್ರಗಳು, ಕಟ್ಟಿದ ಬಿಚ್ಚಿದ ಟ್ರಂಕುಗಳು, ಕಾದು ಪಡೆದ ರಜೆಗಳು, ಜವಾನರ ಮನೆಯ ಕಷ್ಟಸುಖ ಇವುಗಳಿಂದ ತುಂಬಿದ ವರ್ಷಗಳು. ತನ್ನ ಮಕ್ಕಳನ್ನು ಪ್ರೀತಿಸಲು ಬಲ್ಲವನಿಗೆ ಬೇರೆಯವರ ಮಕ್ಕಳನ್ನು ಕಾಡಿನೊಳಗೆ ಒಬ್ಬರನ್ನೇ ಕಳಿಸಲು ಮನಸ್ಸಾಗಲಿಲ್ಲ. ಎರಡು ಸಂಸಾರಗಳನ್ನೂ ಅವರು ತೂಗಿಸಿದ್ದು ಒಂದೇ ಮನಸ್ಸಿನಿಂದ.